ಎಣಸಬಾರದ ಮಕ್ಕಳು

ನಮ್ಮ ಮನಿ ಮಂದಿ ಒಂದು ಸಲ ನನ್ನನ್ನ ಕಪ್ಪತಗುಡ್ಡದ ಕೊಳ್ಳದಾಗ ಬಿಟ್ಟು ಊರ ಹಾದಿ ಹಿಡಿದಿದ್ರು. ಇದನ್ನ ಹೇಳಿದ್ರ ಈಗಿನ ಹುಡುಗರು ಹೊಟ್ಟಿ ಹಿಡಕೊಂಡು ನಗತಾವ. ನಗಲಿ, ಅವರಿಗೇನು ಗೊತ್ತು. ನನಗ ಮಾತ್ರ ಇಷ್ಟು ವಯಸ್ಸಾದ್ರೂ ಆ ಹೊತ್ತು ನೆನಪಾತಂದ್ರ ಎದಿ ಧಸಕ್ಕಂತೈತಿ. ಆರೇಳು ವರ್ಷದ ಹುಡುಗಿ ಇದ್ದೆ. ಎರಡೂ ಕಡೆ ಇಷ್ಟೆತ್ತರ ಬಂಡಿಗಲ್ಲು, ನಡುವ ನಾನು, ಒಂದು ನರಪಿಳ್ಳಿ ಇಲ್ಲ. ಅದೂ ಎಂಥಾ ತಯಾರಿ ಮಾಡಿ ಕರಕೊಂಡು ಹೋಗಿದ್ರು ಅಂತೀರಿ! ನಮ್ಮನ್ಯಾಗ ಲಗ್ನಕ್ಕೂ ಅಷ್ಟು ತಯಾರಿ ಆಗಿರಲಿಲ್ಲ.

ಕರ್ನಾಟಕ ಒಂದಾತಲ್ಲ, ಆ ವರ್ಷದ ಚಳಿಗಾಲ ಅದು. ನಮ್ಮದು ಅಸುಂಡಿ, ಒಕ್ಕಲುತನದ ತುಂಬಿದ ಮನಿ. ಹಿರಿಯಾಕಿ ನಮ್ಮ ಆಯಿ, ಅಂದ್ರ ಅಪ್ಪನ ತಾಯಿ. ಕಾರಭಾರ ಎಲ್ಲಾ ದೊಡ್ಡಪ್ಪಂದು. ಅವಗ ಗದಗಿಗೆ ಹತ್ತಿ ಮಾರಾಕ ಹೋದಾಗೆಲ್ಲಾ ಅಂಗಡಿ ಕಟ್ಟಿಮ್ಯಾಲ ಕುಂತು ಪೇಪರ್ ಓದಿಸಿಕೊಂಡು ಕೇಳೂ ಚಟ. ಏಕೀಕರಣದ ಖಬರ ಬಂದ ದಿವಸ ಪೇಢೆ ಕಟ್ಟಿಸಿಕೊಂಡು ಬಂದು ಓಣಿಗೆಲ್ಲಾ ಹಂಚಿದ. ಹಂಚಿದಾವನ ಪಡಸಾಲ್ಯಾಗ ನಿಂತು ಭಾಷಣ ಸುರು ಮಾಡಿದ.

"ಇನ್ನ ಗುಡ್ಡದ ಈ ಕಡೆನೂ ನಮ್ಮದ, ಆ ಕಡೆನೂ ನಮ್ಮದ. ಮುಂಬಯಿ ಇಲ್ಲ, ಸಂಸ್ಥಾನ ಇಲ್ಲ, ನಿಜಾಮ ಇಲ್ಲ. ಮಕ್ಕಳನ್ನೆಲ್ಲಾ ಕರಕೊಂಡು ಹೋಗಿ ಕೊಳ್ಳ ತೋರಿಸಿಕೊಂಡು ಬರೂಣು."

ಆಯಿ ಎದಿಮ್ಯಾಲ ಕೈ ಇಟಗೊಂಡಳು. "ಎಪ್ಪಾ, ಆ ಕೊಳ್ಳಕ್ಕ? ಸಣ್ಣ ಸಣ್ಣ ಕೂಸು ಕಟಗೊಂಡು?"

ಆಕಿ ಹೆದರಿದ್ದೂ ಸುಳ್ಳಲ್ಲ. ರಜಾಕಾರರ ಗದ್ದಲದಾಗ ನಿಜಾಮನ ಸೀಮಿ ಮಂದಿ ಮಕ್ಕಳು ಮರಿ ಕಟಗೊಂಡು ಮುಂಡರಗಿಗೆ, ಗದಗಿಗೆ ಓಡಿ ಬಂದಿದ್ರು. ಗುಡ್ಡದಾಗ ಯಾರು ಅಡಗ್ಯಾರೋ, ಯಾರು ಬೆನ್ನು ಹತ್ತ್ಯಾರೋ ಒಂದೂ ತಿಳೀತಿರಲಿಲ್ಲ ಅಂತ. ಆ ಕಾಲ ಮುಗಿದು ಎಷ್ಟೋ ವರ್ಷ ಆಗಿತ್ತು, ಹೆಣ್ಣಮಕ್ಕಳ ಎದಿಯಾಗಿನ ಅಂಜಿಕಿ ಮಾತ್ರ ಹೋಗಿರಲಿಲ್ಲ.

ದೊಡ್ಡಪ್ಪ ಎಂಥಾ ಮನಶಾ ಅಂದ್ರ, ಸಂತಿಗೆ ಹೋಗೂ ಮುಂದ ಸುದ್ದಾ ಚಪ್ಪಲಿ ಎರಡು ಸಲ ಝಾಡಿಸಿ ಮೆಟ್ಟಾವ. ಮೊದಲ ತಾನೊಬ್ಬನ ಸೈಕಲ್ ಹತ್ತಿ ಗುಡ್ಡಕ್ಕ ಹೋದ. ಅಲ್ಲೆ ಕುರಿ ಮೇಸಾವರನ್ನ ಹಿಡಕೊಂಡು, ಒರತ್ಯಾಗ ನೀರು ಐತೇನು, ಚಕ್ಕಡಿ ಎಲ್ಲಿತನಕ ಹೋಗತೈತಿ, ನೆರಳು ಎಷ್ಟೊತ್ತಿಗೆ ಬೀಳತೈತಿ, ತ್ವಾಳದ ಕಾಟ ಹೆಂಗ ಅಂತ ಕೇಳಿಕೊಂಡು ಬಂದ. ಬಂದಾವ ಪಡಸಾಲಿ ನೆಲದಮ್ಯಾಲ ಇದ್ದಲಿಲೆ ಕೊಳ್ಳದ ನಕಾಶಿ ಬರದ. ಇಲ್ಲೆ ಒಲಿ ಹೂಡೂದು, ಇಲ್ಲೆ ಎತ್ತು ಕಟ್ಟೂದು, ಇಲ್ಲೆ ಹೆಣ್ಣಮಕ್ಕಳು ಕುಂಡ್ರೂದು. ಈ ಹಾಸಗಲ್ಲು ದಾಟಿ ಹುಡುಗರು ಮುಂದ ಹೆಜ್ಜಿ ಇಟ್ರ ಕಾಲು ಮುರೀತೀನಿ ಅಂತ ನಮಗ ಕಣ್ಣು ಬಿಟ್ಟ.

ದೊಡ್ಡವ್ವ ನೆಲ ಸಾರಸಾಕ ಬಂದಾಕಿ ಆ ಇದ್ದಲಿ ಗೆರಿ ನೋಡಿ, "ಇದೇನು ಕೊಳ್ಳ ನೋಡಾಕ ಹೊಂಟೇವೋ, ದಂಡು ತಗೊಂಡು ಹೊಂಟೇವೋ" ಅಂತ ನಕ್ಕಳು.

ಎಲ್ಲಾ ಬರೋಬ್ಬರಿ ಲೆಕ್ಕ ಹಾಕಿದ್ದ. ಒಂದ ಒಂದು ಲೆಕ್ಕ ಮಾಡಾಕ ಅವನ್ನ ಬಿಡಲಿಲ್ಲ. ಯಾವ ಚಕ್ಕಡ್ಯಾಗ ಯಾರು ಕುಂಡ್ರಬೇಕು ಅಂತ ಗೊತ್ತು ಮಾಡಾಕ, ಅಂಗಳದಾಗ ಆಡತಿದ್ದ ನಮ್ಮ ಕಡೆ ಬಟ್ಟು ಮಾಡಿ "ಒಂದು, ಎರಡು" ಅಂದಿದ್ದ ಅಷ್ಟ. ಅಡಗಿಮನಿಯಿಂದ ಆಯಿ ಓಡಿ ಬಂದು ಆ ಬಟ್ಟನ್ನ ಹಿಡಕೊಂಡಳು.

"ನಿನ್ನ ಬಾಯಾಗ ಮಣ್ಣ ಹಾಕಲಿ! ಮಕ್ಕಳೇನು ಕುರಿ ಅದಾವನ ಎಣಸಾಕ?"

ಇದು ಆಯಿ ಒಬ್ಬಾಕಿನ ಹುಚ್ಚಲ್ಲ. ನಮ್ಮ ಕಡೆ ಆಗ ಮಕ್ಕಳನ್ನ ಎಣಸತಿರಲಿಲ್ಲ. ಎಣಸಿದ್ರ ಕಡಿಮಿ ಆಗತಾವ ಅಂತಿದ್ರು. ನಿನಗೆಷ್ಟು ಮಕ್ಕಳವಾ ಅಂತ ಯಾರಾರ ಕೇಳಿದ್ರ "ದೇವರು ಕೊಟ್ಟಷ್ಟು ಅದಾವ್ರಿ" ಅಂದು ಮಾತು ಮುಗಿಸಬೇಕು. ಆಯಿಗಂತೂ ಪೆಟ್ಟು ಬಿದ್ದಿತ್ತು. ಅಪ್ಪ ಸಣ್ಣಾವಿದ್ದಾಗ ಖಾನೇಸುಮಾರಿಯಾವ ಬಂದು, ಮನ್ಯಾಗ ಎಷ್ಟು ಮಂದಿ ಅದೀರಿ ಅಂತ ಒಬ್ಬೊಬ್ಬರನ್ನ ಎಣಸಿ ಬರಕೊಂಡು ಹೋಗಿದ್ನಂತ. ಅದ ವರ್ಷ ಬ್ಯಾನಿ ಬಂದು ಅಪ್ಪನ ಬೆನ್ನಿಗೆ ಹುಟ್ಟಿದ ಎರಡು ಕೂಸು ಹೋದ್ವು. "ಸರಕಾರದಾವ ಎಣಸಿ ಹ್ವಾದ, ಜವರಾಯ ಎತಗೊಂಡು ಹ್ವಾದ" ಅಂತ ಆಯಿ ಸಾಯೂತನಕ ಹೇಳಿದಳು. ಆಕಿಗೆ ಎದುರು ಮಾತಾಡೂ ಧೈರ್ಯ ದೊಡ್ಡಪ್ಪಗೂ ಇರಲಿಲ್ಲ. ಬಟ್ಟು ಇಳಿಸಿದ.

ಅದೇ ಆಯಿ ಭಾಂಡೆ ಎಣಸೂದ್ರಾಗ ಎಂಥಾ ಶಾಣ್ಯಾಕಿ! ಅಷ್ಟು ಮಂದಿಗೆ ಗೋದಿ ಹುಗ್ಗಿ ಕುದಸೂ ಭಾಂಡೆ ನಮ್ಮನ್ಯಾಗ ಇರಲಿಲ್ಲ. ಗುಡಿಯಾಗ ದೈವದ ಭಾಂಡೆ ಇರತಿದ್ವು, ಊರ ಮಂದಿ ಎಲ್ಲಾರೂ ಸೇರಿ ಮಾಡಿಸಿದ್ದು. ಕಾರ್ಯ ಇದ್ದವರು ಒಯ್ದು, ತಿಕ್ಕಿ ತೊಳದು ಹೊಳ್ಳಿ ಕೊಡಬೇಕು. ಒಂದು ಸೌಟು ಕಡಿಮಿ ಬಂದ್ರೂ ಊರ ಹಿರೇರು ಕಟ್ಟಿಮ್ಯಾಲ ಕುಂಡ್ರಿಸಿ ಕೇಳತಿದ್ರು, ಆ ಮನಿ ಹೆಸರು ವರ್ಷಗಟ್ಟಲೆ ಮಂದಿ ಬಾಯಾಗ ಇರತಿತ್ತು. ಅದಕ್ಕ ಚಕ್ಕಡಿಗೆ ಹೇರೂ ಮುಂದ ಆಯಿ ಒಂದೊಂದನ್ನೂ ಮುಟ್ಟಿ ಮುಟ್ಟಿ, ರಾಶಿ ಅಳಿಯೂವಾಗ ಅಂದಂಗ, "ಲಾಭ, ಎರಡು, ಮೂರು" ಅಂತ ಎಣಸಿದಳು. ಸುರುವಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು. ಕಡೀಕ ಉಳದದ್ದು ತಾಮ್ರದ ಕೊಡ. ಅದನ್ನ ನಮ್ಮವ್ವನ ಕೈಯಾಗ ಕೊಟ್ಟು, "ಸೊಸಿ, ಕೊಡದ ಜ್ವಾಕಿ ನಿಂದು" ಅಂದಳು.

ನಮ್ಮವ್ವನ ಸುದ್ದಿ ಹೇಳಬೇಕು. ಆಕಿ ತವರು ಶಿರಹಟ್ಟಿ. ಆಕಿ ಲಗ್ನಾಗಿ ಬಂದಾಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಾಗಿತ್ತು, ಅಸುಂಡಿ ಇಂಗ್ರೇಜರ ಮುಂಬಯಿ ಇಲಾಖಾದಾಗ. ಸಂಸ್ಥಾನ ಮುಳುಗಿ ಎಷ್ಟೋ ವರ್ಷಾದ್ರೂ ನಮ್ಮನ್ಯಾಗ ಆಕಿಗೆ ಪರರಾಜ್ಯದಾಕಿ ಅಂತ ಚ್ಯಾಷ್ಟಿ ಮಾಡೂದು ಬಿಟ್ಟಿರಲಿಲ್ಲ. ಮಾತು ಮದಲ ಕಡಿಮಿ. ದೊಡ್ಡಪ್ಪನ ಎದುರಿಗಂತೂ ಆಕಿ ತುಟಿ ಬಿಚ್ಚಿದ್ದು ನಾ ನೋಡಿಲ್ಲ. ತಮ್ಮನ ಹೇಂತಿ ಭಾವನ ಮುಂದ ನಿಂತು ಮಾತಾಡಬಾರದು, ಇದು ಆಗಿನ ರೂಢಿ. ಏನಾರ ಹೇಳೂದಿದ್ರ ಅತ್ತಿ ಕಿವಿಯಾಗ ಹೇಳಬೇಕು, ಅತ್ತಿ ಆಮ್ಯಾಲ ಮಗಗ ಹೇಳಬೇಕು. ಒಂದ ಚಕ್ಕಡ್ಯಾಗ ಕುಂತಿದ್ರೂ ಅಷ್ಟ, ಮಾತು ಆಯಿನ್ನ ಸುತ್ತು ಹಾಕೇ ಹೋಗಬೇಕು.

ನಸಕಿನ್ಯಾಗ ಎರಡು ಚಕ್ಕಡಿ ಹೂಡಿದ್ರು. ಮುಂದಿಂದು ಅಪ್ಪ ಹೊಡೀತಿದ್ದ, ಅದರಾಗ ದೊಡ್ಡವ್ವ, ಭಾಂಡೆ, ಬುತ್ತಿ, ಅರ್ಧ ಹುಡುಗರು. ಹಿಂದಿಂದು ದೊಡ್ಡಪ್ಪಂದು, ಅದರಾಗ ಆಯಿ, ಅವ್ವ, ಎತ್ತಿನ ಮೇವಿಗೆ ಜ್ವಾಳದ ಕಣಿಕಿ, ಉಳದ ಹುಡುಗರು. ನಾವೇನು ಕುಂತಲ್ಲೆ ಕುಂಡ್ರೂ ಮಕ್ಕಳೇ? ಹಾದಿಗುಂಟ ಇದರಿಂದ ಜಿಗದು ಅದಕ್ಕ, ಅದರಿಂದ ಜಿಗದು ಇದಕ್ಕ. ಯಾರು ಯಾವುದರಾಗ ಅದಾರ ಅಂತ ಶಿವನೂ ಹೇಳತಿರಲಿಲ್ಲ.

ಕೊಳ್ಳ ನೋಡಿ ನಾ ಬಾಯಿ ತಕ್ಕೊಂಡು ನಿಂತೆ. ನಮ್ಮೂರಾಗ ಎತ್ತ ನೋಡಿದ್ರೂ ಎರಿಹೊಲ, ಸಪಾಟ. ಇಲ್ಲೆ ನೋಡಿದ್ರ ನೆಲಾನ ಸೀಳಿ ಬಿಟ್ಟೈತಿ! ಕೆಂಪು ಕಲ್ಲು, ಕರೆ ಕಲ್ಲು, ಅದರ ಬುಡಕ ಸಣ್ಣ ಒರತಿ, ಎಲ್ಲಾ ಕಡೆ ಬಾದಿ ಹುಲ್ಲು, ಗಾಳಿ ಅಂದ್ರ ತಲಿಮ್ಯಾಲಿನ ಸೆರಗು ನಿಲ್ಲವಲ್ದು. ಹುಡುಗರು "ಓ" ಅಂದ್ರ ಕೊಳ್ಳನೂ "ಓ" ಅಂತಿತ್ತು. ಒಬ್ಬ ತನ್ನ ಹೆಸರು ಕೂಗಿದ. ಆಯಿ ಅವನ ಬೆನ್ನಿಗೊಂದು ಹಾಕಿ, "ಹೆಸರು ಹಿಡದು ಒದರಬ್ಯಾಡ್ರಿ, ಗುಡ್ಡ ಹೆಸರು ಕಲಕೊಂಡು ಬೆನ್ನು ಹತ್ತತೈತಿ" ಅಂದಳು. ಹುಗ್ಗಿ ಕುದಿತು. ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮ್ಯಾಲ ಹುಗ್ಗಿ, ಹುಗ್ಗಿಮ್ಯಾಲ ತುಪ್ಪ. ದೊಡ್ಡಪ್ಪ ಮೀಸಿಮ್ಯಾಲ ಕೈ ಆಡಿಸಿ, "ನೋಡ್ರಿ, ಯಾರಿಗಾರ ಒಂದು ಮುಳ್ಳು ಚುಚ್ಚೇತೇನು? ತಯಾರಿ ಅಂದ್ರ ಹಿಂಗಿರಬೇಕು" ಅಂದ.

ನಾ ಹುಗ್ಗಿ ತುಸು ಜಾಸ್ತಿನ ಹೊಡದಿದ್ದೆ. ಹೊರಡೂ ಹೊತ್ತಿಗೆ ಹೊಟ್ಟಿ ಗುಡುಗಾಕ ಹತ್ತಿತು. ಎಲ್ಲರ ಎದುರಿಗೆ ಹೇಳಾಕ ನಾಚಿಕಿ. ಹಾಸಗಲ್ಲು ದಾಟಬಾರದು ಅಂದಿದ್ದ ದೊಡ್ಡಪ್ಪ, ಆದ್ರ ಆ ಕೆಲಸ ಹಾಸಗಲ್ಲಿನ ಈಚೆ ಮಾಡಾಕ ಬರತೈತೇನು? ಮೆಲ್ಲಕ ಸರದು ಆ ಕಡೆ ದೊಡ್ಡ ಬಂಡಿಗಲ್ಲಿನ ಹಿಂದ ಹೋದೆ. ಒರತಿ ಕೆಳಗಿನ ಹಳ್ಳದಾಗ ತೊಳಕೊಂಡು, ಲಂಗ ಸರಿ ಮಾಡಿಕೊಂಡು ಹೊಳ್ಳಿ ಬಂದೆ.

ಚಕ್ಕಡಿ ಇಲ್ಲ!

ಮೂರು ಕಲ್ಲಿನ ಒಲಿ ಇತ್ತು, ಬೂದಿಯೊಳಗ ಇನ್ನಾ ಕೆಂಡ ಇತ್ತು. ಉಂಡ ಎಲಿ ಗಾಳಿಗೆ ಹಾರಾಡತಿದ್ವು. ಎತ್ತು ಕಟ್ಟಿದಲ್ಲೆ ಸೆಗಣಿ ಹಸೀದಿತ್ತು. ಮಂದಿ ಇಲ್ಲ. ನಾ ಮದಲ ನಕ್ಕೆ ನೋಡ್ರಿ. ಹುಡುಗರು ಅಡಕೊಂಡಾವ, ನನ್ನ ಹೆದರಸಾಕ ಹತ್ತ್ಯಾವ ಅಂತ ತಿಳಕೊಂಡು ಬಂಡಿಗಲ್ಲಿನ ಹಿಂದ, ಗಿಡದ ಹಿಂದ ಎಲ್ಲಾ ಹುಡುಕಿದೆ. ಆಮ್ಯಾಲ ಚಕ್ಕಡಿ ಗಾಲಿ ಗೆರಿ ಹಾದಿ ಕಡೆ ಹೋದದ್ದು ಕಂಡಿತು. ನನ್ನ ಬಿಟ್ಟು ಹ್ವಾದ್ರ? ನನ್ನ? ಮನಿ ಮಗಳನ್ನ?

"ಅವ್ವಾ" ಅಂತ ಒದರಿದೆ. ಕೊಳ್ಳ "ಅವ್ವಾ" ಅಂತು. ಅದನ್ನ ಕೇಳಿ ನನಗ ಇನ್ನಷ್ಟು ಅಂಜಿಕಿ ಬಂತು, ನನ್ನಂಗ ಇನ್ನೊಂದು ಹುಡುಗಿನ್ನ ಅಲ್ಲೆ ಯಾರೋ ಬಿಟ್ಟು ಹೋಗ್ಯಾರ ಅನಿಸಿತು. ಬಾಯಿ ಮುಚಗೊಂಡು ಒಲಿ ಹಂತ್ಯಾಕ ಕುಂತೆ. ಹಾದಿ ಹಿಡದು ಓಡಬೇಕಂದ್ರ ಕಾಲು ಏಳವಲ್ವು. ಬಿಸಿಲು ಕಲ್ಲಿನ ನೆತ್ತಿಗೆ ಏರಿ ಕೆಳಗೆಲ್ಲಾ ನೆರಳಾತು. ತ್ವಾಳ ಬಂದ್ರ ಮದಲ ಎಲ್ಲಿ ಕಡೀತೈತಿ ಅಂತ ವಿಚಾರ ಮಾಡಿದೆ, ಖರೇನ. ಅಳು ಕೂಡ ಬರಲಿಲ್ಲ. ಅಳಬೇಕಂದ್ರ ಕೇಳಾವರು ಒಬ್ಬರಾರ ಇರಬೇಕಲ್ಲ?

ಎಷ್ಟೊತ್ತು ಕುಂತಿದ್ದೆನೋ ಏನೋ. ಹಾದಿ ಕಡೆಯಿಂದ ದಡಾದಡಾ ಹೆಜ್ಜಿ ಸಪ್ಪಳ. ನೋಡತೀನಿ, ದೊಡ್ಡಪ್ಪ! ಕೈಯಾಗ ಬಡಿಗಿ, ಮೈಯೆಲ್ಲಾ ಬೆವರು. ಎದ್ದು ಓಡಿದೆ. ಓಡಿ ಹೋಗಿ ಅವನ ಧೋತರ ಹಿಡಕೊಂಡೆ. ಅವ ನನ್ನ ನೋಡಲೇ ಇಲ್ಲ. ಒರತಿ ಕಡೆ ನೋಡಿಕೋತ, "ಕೊಡ ಎಲ್ಲಿ ಐತಿ? ದೈವದ ಕೊಡ?" ಅಂದ.

ಆಮ್ಯಾಲ ಬಗ್ಗಿ ನೋಡಿದ. ಅವನ ಮಾರಿ ಬಣ್ಣ ಇಳದದ್ದನ್ನ ನಾ ಹೆಂಗ ಹೇಳಲಿ! "ಲೇ... ನೀ ಇಲ್ಲೆ ಯಾಕದೀ? ನೀ ಮುಂದಿನ ಚಕ್ಕಡ್ಯಾಗ ಇಲ್ಲೇನು?"

"ನನ್ನ ಕರಿಯಾಕ ಬಂದಿಲ್ಲೇನು ದೊಡ್ಡಪ್ಪಾ?" ಅಂದೆ.

"ಅಯ್ಯ ಶಿವನ, ಅಯ್ಯ ಶಿವನ" ಅಂತ ಅವ ಅಲ್ಲೇ ಕುಕ್ಕರ ಕುಂತ. ಬಡಿಗಿ ಕೈಬಿಟ್ಟು ಬಿತ್ತು. ಆದ್ರೂ ಏನ ಅಂತೀರಿ, ನನ್ನ ಹೆಗಲಮ್ಯಾಲ ಕುಂಡ್ರಿಸಿಕೊಂಡು ಒರತಿ ಸುತ್ತ ಕೊಡ ಹುಡುಕೇ ಹುಡುಕಿದ. ಸಿಗಲಿಲ್ಲ. ಬರಿಗೈಲೆ ನನ್ನ ಹೊತಗೊಂಡು ಗುಡ್ಡ ಇಳದ.

ಗುಡ್ಡದ ಬುಡಕ ಚಕ್ಕಡಿ ನಿಂತಿದ್ವು. ಅವನ ಹೆಗಲಮ್ಯಾಲ ನನ್ನ ನೋಡಿದ ಕೂಡಲೆ ಆಯಿ ಹಣಿ ಹಣಿ ಬಡಕೊಂಡಳು. ಅಪ್ಪ ಮುಂದಿನ ಚಕ್ಕಡಿಯಿಂದ ಧುಮುಕಿ ಓಡಿ ಬಂದ. ಅವಗ ನಾ ಅವ್ವನ ಹಂತ್ಯಾಕ ಅದೀನಿ ಅಂತ ಲೆಕ್ಕ. ಅವ್ವ ನನ್ನ ಸೆಳಕೊಂಡು ಸೆರಗಿನಾಗ ಮುಚ್ಚಿಕೊಂಡಳು.

ಅಲ್ಲೆ ನನಗ ಅಳು ಬಂತು, ಸಿಟ್ಟೂ ಬಂತು. "ನನ್ನ ಕರಿಯಾಕ ಬಂದಿಲ್ಲ ಅಂವ, ಕೊಡ ತರಾಕ ಬಂದಿದ್ದ" ಅಂತ ಆಕಿ ತೊಡಿ ಬಿಟ್ಟು ಕಣಿಕ್ಯಾಗ ಬಿದ್ದು ಒದ್ದಾಡಿದೆ. ಒದ್ದಾಡೂ ಮುಂದ ಕಣಿಕಿ ಒಳಗ ಕೈಗೆ ಥಣ್ಣಗ ಏನೋ ಹತ್ತಿತು. ದುಂಡಗ, ಕುತ್ತಿಗಿ ಸಣ್ಣದು. ಕೊಡ! ದೈವದ ಕೊಡ! "ಇಲ್ಲೇ ಐ..." ಅನ್ನೂದ್ರಾಗ ಅವ್ವನ ಅಂಗೈ ನನ್ನ ಬಾಯಿಮ್ಯಾಲ ಬಿತ್ತು. ಅಷ್ಟು ಗಟ್ಟಿ ಆಕಿ ನನ್ನ ಯಾವತ್ತೂ ಹಿಡದಿರಲಿಲ್ಲ. ಕಿವಿಯಾಗ, "ಉಸಿರು ಬಿಡಬ್ಯಾಡ" ಅಂದಳು.

ನಾ ಉಸಿರು ಬಿಡಲಿಲ್ಲ. ಊರು ಮುಟ್ಟೂತನಕ ಆಕಿ ಮಾರಿ ನೋಡಿಕೋತ ಬಂದೆ. ನಮ್ಮವ್ವ ಕಳ್ಳಿ! ದೇವರ ಗುಡಿ ಕೊಡ ಕದ್ದಾಳ! ನನ್ನ ಕೊಳ್ಳದಾಗ ಬಿಟ್ಟದ್ದಕ್ಕಿಂತ ಇದು ದೊಡ್ಡ ಪೆಟ್ಟಾತು ನನಗ.

ಮರುದಿನ ಮುಂಜಾನೆ ಅಂಗಳದಾಗ ಕಣಿಕಿ ಇಳಸೂ ಮುಂದ ಅವ್ವ ತಾನ ಕೊಡ ಹೊರಗ ತಗದು ಆಯಿ ಮುಂದ ಇಟ್ಟಳು. ಕಣಿಕ್ಯಾಗ ಬಿದ್ದಿತ್ತು, ನಾ ನೋಡಲಿಲ್ಲ ಅಂದಳು. ದೊಡ್ಡಪ್ಪ ಗ್ವಾಡಿ ಕಡೆ ಮಾರಿ ಮಾಡಿ ಒದರ್ಯಾಡಿದ. "ಯವ್ವಾ, ನಿನ್ನ ಸೊಸಿ ಕಣ್ಣು ಎಲ್ಲಿ ಇಟಗೊಂಡಿದ್ದಳು ಕೇಳು! ಕಾಲಬುಡಕ ಕೊಡ ಇಟಗೊಂಡು ನನ್ನ ಗುಡ್ಡ ಹತ್ತಿಸಿದಳಲ್ಲ!" ಓಣಿ ಮಂದಿ ಬಾಗಲದಾಗ ನಿಂತು ಕೇಳಿದ್ರು. ಪರರಾಜ್ಯದಾಕಿಗೆ ನಮ್ಮ ರೀತಿ ಹೆಂಗ ತಿಳೀಬೇಕು ಅಂತ ದೊಡ್ಡವ್ವನೂ ಒಂದು ಮಾತು ಸೇರಿಸಿದಳು. ಅವ್ವ ತಲಿಮ್ಯಾಲ ಸೆರಗು ಹೊತಗೊಂಡು ನಿಂತು ಎಲ್ಲಾ ಕೇಳಿಸಿಕೊಂಡಳು. ಆಯಿ ಮಾತ್ರ ಒಂದೂ ಅನ್ನಲಿಲ್ಲ. ಅವತ್ತಿಂದ ಆಕಿ, ಹೊತ್ತು ಮುಳುಗಿ ನಾವು ಊಟಕ್ಕ ಕುಂತಾಗ, ಒಬ್ಬೊಬ್ಬರ ತಲಿ ಮುಟ್ಟಿಕೋತ ಹೋಗತಿದ್ದಳು. ಬಾಯಿಲೆ ಎಣಸತಿರಲಿಲ್ಲ.

ನಾ ಅವ್ವನ ಹಂತ್ಯಾಕ ಈ ಮಾತು ಎತ್ತಿದ್ದು ನನಗ ಮಕ್ಕಳಾದ ಮ್ಯಾಲ. ಬಾಣಂತನಕ್ಕ ಬಂದಿದ್ದೆ. ಆಯಿ ಆಗ ಇರಲಿಲ್ಲ. ಅವ್ವ ಕೂಸಿಗೆ ಎರದು, ಅರಿವಿ ಸುತ್ತತಿದ್ದಳು.

"ಯವ್ವಾ, ಅವತ್ತ ಕೊಡ ಯಾಕ ಬಚ್ಚಿಟ್ಟಿದ್ದಿ?"

ಆಕಿ ಕೈ ನಿಲ್ಲಸಲಿಲ್ಲ. "ನಿನ್ನ ತರಸಾಕ."

ನನಗ ತಿಳೀಲಿಲ್ಲ. "ಅಲ್ಲಬೇ, ಮಗಳು ಇಲ್ಲ ಅಂತನ ಹೇಳಬೇಕಿಲ್ಲೇನು?"

"ಹೇಳಿದ್ನೆವಾ. ಮದಲ ನಿನ್ನ ಸುದ್ದೀನ ಹೇಳಿದೆ. ಹುಡುಗಿ ಕಾಣವಲ್ಲಳು ಅಂದ್ರ, ಮುಂದಿನ ಚಕ್ಕಡ್ಯಾಗ ಇರತಾಳ ಬಿಡು ಅಂದ್ರು ನಿಮ್ಮ ಆಯಿ. ಒಂದು ಸಲ ಎಣಸಿ ನೋಡೂಣ್ರಿ ಅಂದೆ. ಎಣಸೂ ಮಾತು ಎತ್ತಬ್ಯಾಡ, ಹೊತ್ತು ಮುಳುಗೂ ಹೊತ್ತಿನ್ಯಾಗ ಗುಡ್ಡದಾಗ ಹೆಸರು ಹಿಡದೂ ಕರೀಬ್ಯಾಡ ಅಂದ್ರು. ನಿಮ್ಮ ದೊಡ್ಡಪ್ಪಗ ಕೇಳಿಸಿತ್ತು. ಇದ್ದ ನನ್ನ ಮುಂದ, ಕೈ ಚಾಚಿದ್ರ ಮುಟ್ಟೂ ಹಂಗ. ಕೇಳಿಸಿಕೊಂಡು ಎತ್ತಿನ ಬಾಲ ತಿರುವಿ ಇನ್ನಾ ಜೋರು ಹೊಡದ."

"ಆಮ್ಯಾಲ?"

"ಆಮ್ಯಾಲೇನು. ಕಾಲಿಲೆ ಕೊಡ ಕಣಿಕ್ಯಾಗ ದಬ್ಬಿದೆ. ದೈವದ ಕೊಡ ಒರತ್ಯಾಗ ಮರತು ಬಂದೀನ್ರಿ ಅತ್ತಿ ಅಂದೆ." ಕೂಸನ್ನ ಎತ್ತಿ ನನ್ನ ಮಡಿಲಾಗ ಹಾಕಿದಳು. "ಅವರು ಮಗಗ ಹೇಳೂದ ಬೇಕಾಗಲಿಲ್ಲ. ಚಕ್ಕಡಿ ಗಪ್ಪನ ನಿಂತಿತು."

ನಾ ಕೂಸನ್ನ ಎದಿಗವಚಿಕೊಂಡು ಕುಂತೆ. ಅವ್ವ ಎರದ ನೀರು ಚೆಲ್ಲಾಕ ಎದ್ದಾಕಿ ಬಾಗಲದಾಗ ನಿಂತು ಅಂದಳು.

"ಅವತ್ತ ನನ್ನ ಹಂತ್ಯಾಕ ಕೊಡ ಇರದಿದ್ರ ಏನು ಹೇಳಿ ನಿಲ್ಲಸತಿದ್ದೆ ಅಂತ ನನಗ ಇನ್ನಾ ತಿಳಿವಲ್ದು."